ಕಸದ ಗಾಡಿಗೆ ವಿಮೆ ಕಡ್ಡಾಯ, ಗಾಡಿ ಹಿಂದೆ ನಿಂತವರಿಗೆ ಯಾಕಲ್ಲ?

ಮೈಸೂರಿನ ಕಸ ಎತ್ತುವ ಆಟೋ ಟಿಪ್ಪರ್ ವಿಮೆ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಮೋಟಾರು ವಾಹನ ಕಾಯ್ದೆ ಹಾಗೆ ಹೇಳುತ್ತದೆ. ಅದೇ ಗಾಡಿಯ ಹಿಂದೆ ನಿಂತು, ಬಕೆಟ್ ಎತ್ತಿ ಸುರಿಯುವ ಮನುಷ್ಯನನ್ನು ವಿಮೆ ಇಲ್ಲದೆ ರಸ್ತೆಗೆ ಇಳಿಸಬಹುದು. ಕೆಲಸಗಾರರಿಗೆ ಪರಿಹಾರ ಕೊಡಲೇಬೇಕು ಎಂದು ನಮ್ಮ ದೇಶದಲ್ಲಿ 1923ರಿಂದ ಕಾನೂನಿದೆ. ಆದರೆ ಆ ಪರಿಹಾರಕ್ಕೆ ಮುಂಚೆಯೇ ವಿಮೆ ಮಾಡಿಸಿಡಿ ಎಂದು ಆ ಕಾನೂನು ಮಾಲೀಕರಿಗೆ ಕಡ್ಡಾಯ ಮಾಡಲಿಲ್ಲ.

ಗಾಡಿ ಡಿಕ್ಕಿ ಹೊಡೆದರೆ ಗಾಡಿಯ ವಿಮೆಯಿಂದ ಏನಾದರೂ ಬರಬಹುದು. ಕಸದೊಳಗಿನ ಗಾಜು ಕೈ ಕುಯ್ದು ನರ ಕಡಿದರೆ? ಚರಂಡಿ ಚಪ್ಪಡಿ ಕಾಲ ಮೇಲೆ ಬಿದ್ದರೆ? ಬೀದಿದೀಪ ಸರಿಮಾಡುವಾಗ ಕರೆಂಟ್ ಹೊಡೆದರೆ? ಆಗ ಯಾರು ಕೊಡಬೇಕು, ಯಾವ ಹಣದಿಂದ, ಎಷ್ಟು ದಿನದಲ್ಲಿ? ಈ ಮೂರು ಪ್ರಶ್ನೆಗೆ ಉತ್ತರ ಇಲ್ಲದೆ ಯಾವ ನಗರವೂ ಬೆಳಿಗ್ಗೆ ಆರು ಗಂಟೆಗೆ ಜನರನ್ನು ಕೆಲಸಕ್ಕೆ ಕರೆಯಬಾರದು. ನಮ್ಮ ವಾದ ಇಷ್ಟೇ: ನಗರದ ಕೆಲಸ ಮಾಡುವ ಪ್ರತಿಯೊಬ್ಬರಿಗೂ ನಗರವೇ, ತನ್ನ ಹೆಸರಿನಲ್ಲೇ, ಪರಿಹಾರ ವಿಮೆ ಕೊಳ್ಳಬೇಕು. ಕಾಯಂ, ದಿನಗೂಲಿ, ನೇರ ಪಾವತಿ, ಗುತ್ತಿಗೆ ಎಂಬ ಭೇದ ಬೇಡ.

ಇದು ಹಳ್ಳಿಯವರ ವಿಷಯ ಯಾಕೆ?

ಮಂಡಕಳ್ಳಿ ಅಂದರೆ ಎಲ್ಲರಿಗೂ ನೆನಪಾಗುವುದು ನಂಜನಗೂಡು ರಸ್ತೆಯ ವಿಮಾನ ನಿಲ್ದಾಣ. ಅಲ್ಲಿಂದ ವಿಮಾನ ಹತ್ತುವ ಪ್ರಯಾಣಿಕನ ಜೀವಕ್ಕೆ ವಿಮಾನ ಕಂಪನಿ ಎಷ್ಟು ಹೊಣೆ ಎಂದು ಕಾನೂನು ಬರೆದಿಟ್ಟಿದೆ. ಅದೇ ರಸ್ತೆಯಲ್ಲಿ ಬೆಳಗಿನ ಬಸ್ಸಿಗೆ, ಟೆಂಪೊಗೆ, ಯಾರದೋ ಬೈಕಿನ ಹಿಂದಿನ ಸೀಟಿಗೆ ಹತ್ತಿ ಊರಿನವರು ನಗರಕ್ಕೆ ಹೋಗುತ್ತಾರೆ. ಗುಡಿಸಲು, ಕಸ ಎತ್ತಲು, ಪಾರ್ಕಿನ ಹುಲ್ಲು ಕತ್ತರಿಸಲು, ನೀರಿನ ಪೈಪು ಅಗೆಯಲು. ನಗರ ದೊಡ್ಡದಾಗುತ್ತಾ ಊರುಗಳ ಕಡೆಗೇ ಬರುತ್ತಿದೆ. ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಎಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಬಂತು. ನಗರ ಊರಿಗೆ ಬಂದರೆ ತೆರಿಗೆ ಮೊದಲು ಬರುತ್ತದೆ. ಕೆಲಸಗಾರನ ರಕ್ಷಣೆಯೂ ಜೊತೆಗೇ ಬರಬೇಕು ಎಂದು ಕೇಳಬೇಕಾದವರು ನಾವೇ.

ಮೈಸೂರು 2015ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರ ಅನ್ನಿಸಿಕೊಂಡಿತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲೂ ಮೊದಲ ಸ್ಥಾನ ಬಂತು. ಪ್ರಶಸ್ತಿ ತಗೊಂಡ ಫೋಟೊ ನಾವೆಲ್ಲ ನೋಡಿದ್ದೇವೆ. ಆ ಸ್ವಚ್ಛತೆ ಪೊರಕೆ ಹಿಡಿದ ಕೈಗಳಿಂದ ಬಂತು. ಆ ಕೈಗೆ ಪೆಟ್ಟಾದರೆ ನಗರ ಏನು ಮಾಡುತ್ತದೆ ಎಂಬುದಕ್ಕೆ ಮಾತ್ರ ಯಾವ ಸರ್ವೇಕ್ಷಣೆಯಲ್ಲೂ ಅಂಕ ಕೊಡುವುದನ್ನು ನಾವು ಕಂಡಿಲ್ಲ.

ಕಾನೂನು ಏನು ಹೇಳುತ್ತದೆ

1923ರ ಕಾಯ್ದೆಯ ಹೆಸರು ಮೊದಲು ಕಾರ್ಮಿಕರ ಪರಿಹಾರ ಕಾಯ್ದೆ. 2010ರಿಂದ ನೌಕರರ ಪರಿಹಾರ ಕಾಯ್ದೆ. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಹೆಸರು ಬದಲಾಯಿತು, ತಿರುಳು ಅದೇ: ಕೆಲಸದಲ್ಲಿ, ಕೆಲಸದ ಕಾರಣಕ್ಕೆ ಪೆಟ್ಟಾದರೆ ಮಾಲೀಕ ಕೊಡಬೇಕು. ಮಾಲೀಕನ ತಪ್ಪು ಎಂದು ಸಾಬೀತು ಮಾಡುವ ಹೊರೆ ಕೆಲಸಗಾರನ ಮೇಲಿಲ್ಲ. ಸಂಹಿತೆಯಲ್ಲಿ ಒಂದು ಒಳ್ಳೆಯ ಸೇರ್ಪಡೆಯೂ ಇದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ತೋರಿಸಿದರೆ ಅದೂ ಕೆಲಸದ ಅಪಘಾತವೇ. ನಸುಕಿನಲ್ಲಿ ಹೆದ್ದಾರಿ ದಾಟಿ ಹೋಗುವ ನಮ್ಮ ಊರಿನವರಿಗೆ ಇದು ಸಣ್ಣ ವಿಷಯವಲ್ಲ.

ಲೆಕ್ಕ ಹೇಗೆ? ಸಾವಾದರೆ ತಿಂಗಳ ಕೂಲಿಯ ಅರ್ಧ, ಅದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 40 ವರ್ಷದವರಿಗೆ ಆ ಸಂಖ್ಯೆ 184.17. ಲೆಕ್ಕಕ್ಕೆ ಹಿಡಿಯುವ ಕೂಲಿಗೆ ಒಂದು ಮಿತಿ ಇದೆ. ಹಿಂದೆ 8,000 ರೂಪಾಯಿ ಇತ್ತು, 2020ರ ಜನವರಿ 3ರಂದು ಕೇಂದ್ರ ಸರ್ಕಾರ 15,000 ಮಾಡಿತು. ಅಂದರೆ 15,000 ಕೂಲಿಯ 40 ವರ್ಷದವರು ಕೆಲಸದಲ್ಲಿ ತೀರಿಕೊಂಡರೆ, 7,500 ಗುಣಿಸು 184.17. ಒಟ್ಟು 13,81,275 ರೂಪಾಯಿ. ಪೂರ್ತಿ ಅಂಗವಿಕಲರಾಗಿ ಇನ್ನು ದುಡಿಯಲು ಆಗದೇ ಹೋದರೆ ಅರ್ಧದ ಬದಲು ಶೇ 60. ಅದು 16,57,530 ರೂಪಾಯಿ. ಆಸ್ಪತ್ರೆಯ ನಿಜವಾದ ಖರ್ಚು ಇದಕ್ಕೆ ಸೇರದು, ಬೇರೆಯಾಗಿ ಕೊಡಬೇಕು.

ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ಎಳೆದಾಡಿದರೆ ಪರಿಹಾರದ ಅರ್ಧದವರೆಗೆ ದಂಡ. ಮೇಲಿನ 13.81 ಲಕ್ಷಕ್ಕೆ ಒಂದು ವರ್ಷದ ಬಡ್ಡಿಯೇ 1,65,753 ರೂಪಾಯಿ.

"ಅದು ಗುತ್ತಿಗೆದಾರನ ಹೊಣೆ" ಎಂಬ ಮಾತು

ಇದು ಕಚೇರಿಗಳಲ್ಲಿ ಸಿಗುವ ಮೊದಲ ಉತ್ತರ. ಟೆಂಡರ್ ಕಾಗದದಲ್ಲಿ ಒಂದು ಸಾಲು ಬರೆಯುತ್ತಾರೆ: ಕಾರ್ಮಿಕರ ವಿಮೆಯನ್ನು ಗುತ್ತಿಗೆದಾರರೇ ಮಾಡಿಸತಕ್ಕದ್ದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಕಾನೂನು ಇದನ್ನು ಒಪ್ಪುವುದಿಲ್ಲ. 1923ರ ಕಾಯ್ದೆಯ 12ನೇ ಕಲಮಿನಲ್ಲೇ ಇತ್ತು: ತನ್ನ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮುಖ್ಯ ಮಾಲೀಕ, ಗುತ್ತಿಗೆದಾರನ ಆಳಿಗೂ ಪರಿಹಾರ ಕೊಡಬೇಕು. ಕೊಟ್ಟ ಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ನಾವು ವ್ಯಾಪಾರ ಮಾಡುವವರಲ್ಲ, ಸ್ಥಳೀಯ ಸಂಸ್ಥೆ ಎಂದು ಪಾಲಿಕೆಗಳು ಜಾರಿಕೊಳ್ಳದಂತೆ ಅದೇ ಕಾಯ್ದೆಯ 2ನೇ ಕಲಮು ಬಾಗಿಲು ಮುಚ್ಚಿತ್ತು. ಸ್ಥಳೀಯ ಸಂಸ್ಥೆಯ ಅಧಿಕಾರ, ಕರ್ತವ್ಯಗಳನ್ನೆಲ್ಲ ಅದರ ವ್ಯಾಪಾರ ಎಂದೇ ತಿಳಿಯಬೇಕು ಎಂದು ಬರೆದಿತ್ತು. ಕಸ ಎತ್ತುವುದು, ಚರಂಡಿ ತೆಗೆಯುವುದು ಪಾಲಿಕೆಯ ಕರ್ತವ್ಯ. ಹಾಗಾಗಿ ಅಲ್ಲಿ ಬಿದ್ದವನ ಪರಿಹಾರವೂ ಕೊನೆಗೆ ಪಾಲಿಕೆಯದೇ.

ಹಾಗಿದ್ದ ಮೇಲೆ ಪಾಲಿಕೆ ತನ್ನ ತಲೆಯ ಮೇಲಿನ ಹೊಣೆಗೆ ಬೇರೆಯವರ ಕೈಯಲ್ಲಿ ವಿಮೆ ಮಾಡಿಸುತ್ತಿದೆ ಎಂದಾಯಿತು. ಆ ಕೈ ಯಾರದು? ಕಡಿಮೆ ದರ ಬರೆದು ಟೆಂಡರ್ ಗೆದ್ದವನದು. ಈ ವಿಮೆಯ ಕಂತು ಕೂಲಿಯ ಒಟ್ಟು ಮೊತ್ತದ ಮೇಲೆ, ಕೆಲಸದ ಅಪಾಯದ ಮೇಲೆ ನಿಂತಿದೆ. ಕಂತು ಉಳಿಸಬೇಕೆ? ನೂರು ಜನ ಇರುವ ಕಡೆ ಅರವತ್ತು ಜನ ಎಂದು ಬರೆದರಾಯಿತು. 15,000 ಕೂಲಿಯನ್ನು 8,000 ಎಂದು ತೋರಿಸಿದರಾಯಿತು. ಬಿಲ್ ಪಾಸಾಗುವಷ್ಟು ದಿನ ಪಾಲಿಸಿ ಇಟ್ಟುಕೊಂಡು ಆಮೇಲೆ ನವೀಕರಿಸದೆ ಬಿಟ್ಟರಾಯಿತು. ಎಲ್ಲ ಗುತ್ತಿಗೆದಾರರೂ ಹೀಗೆ ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಹೀಗೆ ಮಾಡಿದವನಿಗೆ ಲಾಭ, ಸರಿಯಾಗಿ ಮಾಡಿದವನಿಗೆ ಟೆಂಡರೇ ಸಿಗದಂಥ ವ್ಯವಸ್ಥೆ ಇದು ಎನ್ನುತ್ತಿದ್ದೇವೆ.

8,000 ಎಂದು ಬರೆದ ಪಾಲಿಸಿಯ ಲೆಕ್ಕದಲ್ಲಿ ಅದೇ 40 ವರ್ಷದವರ ಸಾವಿಗೆ 7,36,680 ರೂಪಾಯಿ. ನಿಜವಾಗಿ ಬರಬೇಕಾದ್ದಕ್ಕಿಂತ 6,44,595 ಕಡಿಮೆ. ಈ ವ್ಯತ್ಯಾಸಕ್ಕೆ ಹೆಂಡತಿ ಮಕ್ಕಳು ವರ್ಷಗಟ್ಟಲೆ ಅಲೆಯಬೇಕು. ಕಂತಿನಲ್ಲಿ ಉಳಿದ ಹಣ ಮಾತ್ರ ಯಾರದೋ ಜೇಬಿನಲ್ಲಿ ಕ್ಷೇಮವಾಗಿರುತ್ತದೆ.

2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಮೂವರು ಸತ್ತರು. ಅದೂ ಜಲಮಂಡಳಿ ಗುತ್ತಿಗೆಗೆ ಕೊಟ್ಟ ಕೆಲಸ. ಅಪಾಯದ ಕೆಲಸಗಳೇ ಮೊದಲು ಗುತ್ತಿಗೆಗೆ ಹೋಗುತ್ತವೆ. ಬೀದಿ ಗುಡಿಸುವವರ ಗುತ್ತಿಗೆ ತೆಗೆದು ನೇರ ಪಾವತಿ ಮಾಡಲು ರಾಜ್ಯ ಸರ್ಕಾರ 2017ರಲ್ಲಿ ತೀರ್ಮಾನಿಸಿತು. 2022ರ ಜುಲೈನಲ್ಲಿ ಪೌರಕಾರ್ಮಿಕರು ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟ ಮೇಲೆ ಕಾಯಮಾತಿಯ ಭರವಸೆ ಬಂತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನರಿಗೆ ನೇಮಕಾತಿ ಪತ್ರ ಸಿಕ್ಕಿತು. ಹೋರಾಡಿ ಗಳಿಸಿದ್ದು, ಸಂತೋಷ. ಆದರೆ ಕಸದ ಗಾಡಿಯ ಚಾಲಕ, ಲೋಡರ್, ಒಳಚರಂಡಿ ಕೆಲಸದವರು ಈ ಬಾಗಿಲಿನ ಹೊರಗೆ ನಿಂತುಕೊಂಡೇ ಬಂದರು. ಪೆಟ್ಟು ಹೆಚ್ಚು ಬೀಳುವುದು ಅವರಿಗೇ.

"ಇಎಸ್‌ಐ ಇದೆಯಲ್ಲ" ಎನ್ನುವವರಿಗೆ

ಇದ್ದರೆ ಒಳ್ಳೆಯದೇ. ಇಎಸ್‌ಐ ಇರುವ ಕೆಲಸಗಾರ ಗಾಯಗೊಂಡರೆ ರಜೆಯ ದಿನಗಳಿಗೆ ಕೂಲಿಯ ಶೇ 90, ಸತ್ತರೆ ಮನೆಯವರಿಗೆ ತಿಂಗಳು ತಿಂಗಳು ಹಣ. ಒಂದೇ ಅಪಘಾತಕ್ಕೆ ಇಎಸ್‌ಐ ಮತ್ತು ಪರಿಹಾರ ಕಾನೂನು ಎರಡರಲ್ಲೂ ಕೇಳುವಂತಿಲ್ಲ. ನಗರಸಭೆ, ಪಾಲಿಕೆಗಳ ದಿನಗೂಲಿ ಮತ್ತು ಗುತ್ತಿಗೆ ನೌಕರರಿಗೂ ಇಎಸ್‌ಐ ವಿಸ್ತರಿಸಿ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ 2021ರ ಜೂನ್‌ನಲ್ಲಿ ರಾಜ್ಯಗಳಿಗೆ ಹೇಳಿತು.

ಆದರೆ ಇಎಸ್‌ಐಗೂ ಒಂದು ಗೆರೆ ಇದೆ. 2017ರ ಜನವರಿಯಿಂದ ಅದು ತಿಂಗಳಿಗೆ 21,000 ರೂಪಾಯಿ. ಕಾಯಂ ಆಗಿ ಸಂಬಳ ಆ ಗೆರೆ ದಾಟಿದವರು ಇಎಸ್‌ಐನಿಂದ ಹೊರಗೆ. ಗುತ್ತಿಗೆದಾರ ನೋಂದಾಯಿಸದೆ ಬಿಟ್ಟವರ ಕೈಯಲ್ಲಿ ಕಾರ್ಡೇ ಇಲ್ಲ. ಕೆಲಸಕ್ಕೆ ಸೇರಿ ನಾಲ್ಕು ದಿನವಾದವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಈ ಮೂರು ಕಡೆ ಬಿದ್ದವರನ್ನು ಹಿಡಿಯುವ ಬಲೆಯೇ ಪಾಲಿಕೆಯ ವಿಮೆ ಆಗಬೇಕು.

ಇನ್ನು ಕೆಲವರು ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ತೋರಿಸುತ್ತಾರೆ. ಬ್ಯಾಂಕ್ ಖಾತೆಯಿಂದ ನಮ್ಮದೇ ಹಣ ಕಡಿತವಾಗಿ, ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುವ ಯೋಜನೆ ಅದು. ಮಾಡಿಸಿಕೊಳ್ಳಿ, ಬಿಡಬೇಡಿ. ಆದರೆ ಅದು ನಮ್ಮ ವಿಮೆ. ಮಾಲೀಕನ ಹೊಣೆ ಅದರಿಂದ ಒಂದು ಪೈಸೆಯೂ ಇಳಿಯುವುದಿಲ್ಲ. 13.81 ಲಕ್ಷ ಕೊಡಬೇಕಾದ ಕಡೆ 20 ರೂಪಾಯಿಯ ರಸೀದಿ ತೋರಿಸುವುದು ಮೂಗಿಗೆ ತುಪ್ಪ ಸವರುವ ಕೆಲಸ.

"ಹಣ ಎಲ್ಲಿದೆ?"

ಹಣ ಹೇಗೂ ಹೋಗುತ್ತದೆ. ವಿಮೆ ಇದ್ದರೆ ಪ್ರತಿ ವರ್ಷ ಗೊತ್ತಿರುವ ಒಂದು ಮೊತ್ತ ಹೋಗುತ್ತದೆ. ಇಲ್ಲದಿದ್ದರೆ ಒಂದು ದಿನ ಪರಿಹಾರ, ಬಡ್ಡಿ, ದಂಡ, ವಕೀಲರ ಫೀಸು ಎಲ್ಲ ಒಟ್ಟಿಗೆ ಹೋಗುತ್ತದೆ. ಎರಡನೆಯದೂ ಜನರ ತೆರಿಗೆಯೇ. ತಡ ಮಾಡಿದ್ದಕ್ಕೆ ಬಿದ್ದ ದಂಡವನ್ನು ವಿಮಾ ಕಂಪನಿ ತುಂಬಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಬಡ್ಡಿಯನ್ನು ಹೊರಗಿಡುವ ಷರತ್ತನ್ನೂ ಪಾಲಿಸಿಯಲ್ಲಿ ಹಾಕಬಹುದು ಎಂದು 2006ರಲ್ಲಿ ಹೇಳಿದೆ. ಹಾಗಾಗಿ ಪಾಲಿಸಿ ಕೊಳ್ಳುವಾಗ ಸಣ್ಣಕ್ಷರ ಓದುವ ಅಧಿಕಾರಿ ಬೇಕು. ಆಸ್ಪತ್ರೆ ಖರ್ಚು, ಗುತ್ತಿಗೆದಾರರ ಆಳುಗಳು, ಇವೆರಡನ್ನೂ ಬಿಡಿಸಿ ಕೇಳಿ ಸೇರಿಸಿಕೊಳ್ಳದಿದ್ದರೆ ಪಾಲಿಸಿ ಕೈಯಲ್ಲಿದ್ದೂ ಕಷ್ಟಕ್ಕೆ ಒದಗದು.

ಮನಸ್ಸಿದ್ದರೆ ಸರ್ಕಾರಕ್ಕೆ ದಾರಿ ಕಾಣುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಎರಡು ಸಾಕ್ಷಿ ಇದೆ. ಸರ್ಕಾರಿ ನೌಕರರಿಗೆ ವಿಮೆ ಮಾಡುವ ಇಲಾಖೆಯನ್ನು ಮೈಸೂರು ಸಂಸ್ಥಾನ 1891ರಲ್ಲೇ ಶುರು ಮಾಡಿತು. ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರದೇ ಮುಂದುವರಿಕೆ. ಎರಡನೆಯದು ಹೊಸದು. 2024ರ ಜನವರಿಯಲ್ಲಿ ನಮ್ಮ ರಾಜ್ಯ ಗ್ರಾಚುಟಿಗೆ ವಿಮೆ ಮಾಡಿಸುವುದನ್ನು ಮಾಲೀಕರಿಗೆ ಕಡ್ಡಾಯ ಮಾಡುವ ನಿಯಮ ತಂದಿತು. ಕೆಲಸ ಬಿಡುವಾಗ ಸಿಗುವ ಹಣಕ್ಕೆ ವಿಮೆ ಕಡ್ಡಾಯ ಮಾಡಬಹುದಾದರೆ, ಕೆಲಸದಲ್ಲಿ ಪ್ರಾಣ ಬಿಟ್ಟಾಗ ಸಿಗಬೇಕಾದ ಹಣಕ್ಕೆ ಯಾಕೆ ಆಗದು?

"ವಿಮೆ ಬಂದರೆ ಸುರಕ್ಷತೆ ಮರೆಯುತ್ತಾರೆ"

ಈ ಮಾತನ್ನು ಕಾರ್ಮಿಕರ ಪರ ಇರುವವರೇ ಹೇಳುತ್ತಾರೆ, ಅದರಲ್ಲಿ ಹುರುಳಿದೆ. ಹಣ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ಕಚೇರಿಗಳಿಗೆ ಹೊಸದಲ್ಲ. ಆದ್ದರಿಂದ ಒಂದು ವಿಷಯ ಸ್ಪಷ್ಟವಾಗಿರಲಿ. ಮನುಷ್ಯರನ್ನು ಒಳಚರಂಡಿಗೆ ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ, ಯಾವ ವಿಮೆಯೂ ಅದನ್ನು ಸರಿಮಾಡದು. ಒಳಚರಂಡಿ ಸಾವಿಗೆ 30 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ ಕನಿಷ್ಠ 20 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿತು. ವಿಮೆ ಇದೆ ಎಂದು ಅದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಜೊತೆಗೆ, ಸರಿಯಾದ ವಿಮೆ ಲೆಕ್ಕ ಇಡಿಸುತ್ತದೆ. ಯಾರು, ಎಲ್ಲಿ, ಹೇಗೆ ಬಿದ್ದರು ಎಂದು ಬರೆಯಬೇಕಾಗುತ್ತದೆ. ಪೆಟ್ಟು ಹೆಚ್ಚಾದರೆ ಮುಂದಿನ ವರ್ಷ ಕಂತು ಏರಬಹುದು, ಯಾಕೆ ಏರಿತು ಎಂದು ಕೇಳಬಹುದು. ಈಗ ಹೆಸರಿಲ್ಲದ ಕೆಲಸಗಾರನಿಗೆ ಪೆಟ್ಟಾದರೆ ಅದು ಯಾವ ಪುಸ್ತಕಕ್ಕೂ ಏರುವುದಿಲ್ಲ.

ನಾವು ಕೇಳುವುದು

ಒಂದು, ನಗರಕ್ಕೆಲ್ಲ ಒಂದೇ ಪಾಲಿಸಿ, ಪಾಲಿಕೆಯ ಹೆಸರಿನಲ್ಲಿ. ಗುತ್ತಿಗೆದಾರನ ಪಾಲಿನ ಕಂತನ್ನು ಬಿಲ್ಲಿನಲ್ಲಿ ಹಿಡಿದುಕೊಳ್ಳಲಿ.

ಎರಡು, ಹಾಜರಿಯ ಪಟ್ಟಿಯೇ ವಿಮೆಯ ಪಟ್ಟಿ ಆಗಲಿ. ಇವತ್ತು ಹಾಜರಿ ಹಾಕಿದವನಿಗೆ ಇವತ್ತೇ ರಕ್ಷಣೆ.

ಮೂರು, ನಿಜವಾದ ಕೂಲಿ ಬರೆಯಿರಿ, ಆಸ್ಪತ್ರೆ ಖರ್ಚು ಸೇರಿಸಿ.

ನಾಲ್ಕು, ವಿಮಾ ಕಂಪನಿಯನ್ನು ಬಹಿರಂಗ ಟೆಂಡರಿನಲ್ಲೇ ಆರಿಸಿ. ಆದರೆ ಕಡಿಮೆ ಕಂತು ಒಂದನ್ನೇ ನೋಡಬೇಡಿ, ಎಷ್ಟು ದಿನದಲ್ಲಿ ಹಣ ಕೊಡುತ್ತಾರೆ ಎಂಬುದನ್ನೂ ನೋಡಿ.

ಐದು, ಪಾಲಿಸಿ ಸಂಖ್ಯೆ, ಮುಗಿಯುವ ದಿನಾಂಕ, ಪೆಟ್ಟಾದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಕನ್ನಡದಲ್ಲಿ ಪ್ರತಿ ವಾರ್ಡ್ ಕಚೇರಿಯ ಗೋಡೆಗೆ ಹಾಕಿ.

ಮೈಸೂರು ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಕೌನ್ಸಿಲ್ ಇಲ್ಲ ಎಂಬುದು ನೆಪವಾಗಬಾರದು. ಕಸದ ಟೆಂಡರಿಗೆ ಸಹಿ ಹಾಕುವ ಕೈ ಇದಕ್ಕೂ ಸಹಿ ಹಾಕಬಹುದು.

ಅಲ್ಲಿಯವರೆಗೆ ನೀವು ಮಾಡಬೇಕಾದ್ದು

ನಿಮ್ಮ ಮನೆಯಿಂದ ಯಾರಾದರೂ ನಗರದ ಕೆಲಸಕ್ಕೆ ಹೋಗುತ್ತಿದ್ದರೆ ಗುರುತಿನ ಚೀಟಿ, ಹಾಜರಿ, ಕೂಲಿ ಬಂದ ಬ್ಯಾಂಕ್ ಸಂದೇಶ, ಇವುಗಳ ಫೋಟೊ ಮನೆಯ ಇನ್ನೊಂದು ಫೋನಿನಲ್ಲೂ ಇರಲಿ. ಇಎಸ್‌ಐ ಕಡಿತ ಇದ್ದರೆ ಸಂಖ್ಯೆ ಬರೆದಿಟ್ಟುಕೊಳ್ಳಿ.

ಪೆಟ್ಟಾದರೆ ಆಸ್ಪತ್ರೆಯಲ್ಲಿ "ಕೆಲಸದಲ್ಲಿ ಆಯಿತು" ಎಂದೇ ಬರೆಸಿ. ಮನೆಯಲ್ಲಿ ಜಾರಿ ಬಿದ್ದೆ ಎಂದು ಹೇಳು ಎಂದು ಮೇಸ್ತ್ರಿ ಹೇಳಿದರೆ ಕೇಳಬೇಡಿ, ಆ ಒಂದು ಸಾಲು ಮುಂದೆ ಲಕ್ಷಗಳನ್ನು ತಿನ್ನುತ್ತದೆ. ಪಾಲಿಕೆಗೂ ಗುತ್ತಿಗೆದಾರನಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ತಗೊಳ್ಳಿ. ಅರ್ಜಿಗೆ ಎರಡು ವರ್ಷದ ಗಡುವು ಇದೆ ಎಂಬುದು ನೆನಪಿರಲಿ, ಆದರೆ ಅಷ್ಟು ದಿನ ಕಾಯಬೇಡಿ.

ಸಾವಾದ ಮನೆಗೆ ಬಂದು, ಎರಡು ಲಕ್ಷ ಕೈಗಿಟ್ಟು, ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವವರಿದ್ದಾರೆ. ಆ ಕಾಗದಕ್ಕೆ ಹೆದರಬೇಡಿ. ಸಾವಿನ ಪರಿಹಾರವನ್ನು ನೌಕರರ ಪರಿಹಾರ ಆಯುಕ್ತರ ಬಳಿಯೇ ಠೇವಣಿ ಇಡಬೇಕು. ಕೈಗೆ ಕೊಟ್ಟದ್ದು ಪರಿಹಾರ ಕೊಟ್ಟಂತೆ ಆಗುವುದಿಲ್ಲ, ಮುಂಗಡ ಎಂದು ಮೂರು ತಿಂಗಳ ಕೂಲಿಯಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಹುದು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಒಪ್ಪಂದವೂ ಕಾನೂನಿನಲ್ಲಿ ನಿಲ್ಲುವುದಿಲ್ಲ.

ಮೈಸೂರನ್ನು ಕೇಳುವ ನಾವು ನಮ್ಮ ಪಂಚಾಯಿತಿಯನ್ನೂ ಕೇಳಬೇಕು. ಮೋಟರ್ ಹಾಕುವ ನೀರುಗಂಟಿ, ಕಸದ ವಾಹನ ಓಡಿಸುವ ಅಕ್ಕ, ಕಂಬ ಹತ್ತಿ ಬಲ್ಬು ಹಾಕುವ ಹುಡುಗ, ಇವರಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮೂರೇ ಮಾಹಿತಿ ಕೇಳಿ: ನಿಮ್ಮ ಸಂಸ್ಥೆಗೆ ಕೆಲಸ ಮಾಡುವವರು ಒಟ್ಟು ಎಷ್ಟು ಜನ, ಅವರಲ್ಲಿ ಇಎಸ್‌ಐ ಅಥವಾ ಪರಿಹಾರ ವಿಮೆ ಇರುವವರು ಎಷ್ಟು, ಆ ಪಾಲಿಸಿಯ ಪ್ರತಿ ಕೊಡಿ. ಮೊದಲ ಎರಡು ಸಂಖ್ಯೆ ಒಂದೇ ಆಗಿದ್ದರೆ ಆ ಸಂಸ್ಥೆಯನ್ನು ಹೊಗಳಿ ನಾವೇ ಬರೆಯುತ್ತೇವೆ. ಬೇರೆ ಆಗಿದ್ದರೆ, ನಡುವೆ ಬಿಟ್ಟುಹೋದವರ ಪಟ್ಟಿ ಹಿಡಿದು ಮುಂದಿನ ಗ್ರಾಮಸಭೆಗೆ ಹೋಗಿ.